ಕೆರೆ ಕಡೆಯ ಕಣ್ಣು

ನಮ್ಮ ಸೋದರತ್ತೆಗೆ ಎಡ-ಬಲ ಗೊತ್ತಿಲ್ಲ. ಪಾಪ, ಓದಿಲ್ಲವೇನೋ ಎಂದು ಕನಿಕರಪಡಬೇಡಿ, ಹೇಳಿಕೊಟ್ಟರೂ ಒಪ್ಪುವುದಿಲ್ಲ! ಅವರ ಪ್ರಕಾರ ಪ್ರಪಂಚಕ್ಕೆ ಇರುವುದು ಎರಡೇ ಕಡೆ. ಒಂದು ಕೆರೆ ಕಡೆ, ಇನ್ನೊಂದು ಗುಡ್ಡದ ಕಡೆ.

ಇಲವಾಲ ದಾಟಿ ಸಾಕಷ್ಟು ಒಳಕ್ಕೆ ಹೋದರೆ ನಮ್ಮೂರು. ಹಿಂದೆ ಗುಡ್ಡ, ಎದುರಿಗೆ ಕೆರೆ, ನಡುವೆ ಜಾಗ ಉಳಿಯಿತಲ್ಲ ಎಂಬಂತೆ ಒಂದೇ ಬೀದಿ. ಬೆಳಿಗ್ಗೆ ಕುರಿಗಳು ಗುಡ್ಡದ ಕಡೆ ಹೋಗುತ್ತವೆ, ಬಟ್ಟೆಗಂಟುಗಳು ಕೆರೆ ಕಡೆ ಹೋಗುತ್ತವೆ. ಒಣಗಿದ ಜಾಲಿಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು, ಅವೂ ಒಗೆದು ಹಾಕಿದ ಬಟ್ಟೆಗಳೇ ಎಂಬಂತೆ ಒಣಗುತ್ತಿರುತ್ತವೆ. ಎಮ್ಮೆಗಳಂತೂ ಮೂಗನ್ನಷ್ಟೇ ಹೊರಗಿಟ್ಟು ಮುಳುಗಿಬಿಡುತ್ತವೆ. ಇಂಥ ಊರಲ್ಲಿ ಎಡ-ಬಲ ಯಾರಿಗೆ ಬೇಕು? "ಉಪ್ಪಿನ ಡಬ್ಬ ಕೆರೆ ಕಡೆ ಗೂಡಲ್ಲಿ ಅದೆ ಕಣಮ್ಮಿ" ಅಂದರೆ ಮುಗಿಯಿತು, ಸಿಕ್ಕಿತು.

ಎಡವಟ್ಟಾದದ್ದು ಮಂಜಿನಿಂದ. ಚಳಿಗಾಲದಲ್ಲಿ ಕೆರೆಯಿಂದೆದ್ದ ಮಂಜು ಗುಡ್ಡವನ್ನು ಮುಚ್ಚುವುದೂ ಬಿಸಿಲೇರಿದರೆ ಕರಗುವುದೂ ನಮ್ಮೂರಲ್ಲಿ ಮಾಮೂಲು. ಆದರೆ ಅತ್ತೆಯ ಮಂಜು ಯುಗಾದಿ ಕಳೆದರೂ ಕರಗಲಿಲ್ಲ! ನೆತ್ತಿ ಸುಡುವ ಮಧ್ಯಾಹ್ನ ಅವರ ಫೋನು:

"ಈ ವರ್ಸ ಏನ್ ಮಂಜು ಅಂತೀಯ! ಗುಡ್ಡಾನೇ ಕಾಣಾಕಿಲ್ಲ."

"ಅತ್ತೆ, ಇದು ಏಪ್ರಿಲ್!"

"ಮಂಜಿಗೇನ್ ಕ್ಯಾಲೆಂಡರ್ ಓದಕ್ ಬತ್ತದಾ? ನಿನ್ನಂಗೆ ಬಿ.ಎ. ಮಾಡ್ಯದಾ?"

ನಮ್ಮ ವಂಶಕ್ಕೆ ಮೊದಲ ಡಿಗ್ರಿ ನನ್ನದು. ಅದನ್ನು ಬೀದಿಗೆಲ್ಲ ಸಾರಿದವರೂ ಅತ್ತೆಯೇ, ಅದರಲ್ಲೇ ನನ್ನನ್ನು ಹಂಗಿಸುವವರೂ ಅತ್ತೆಯೇ.

ಭಾನುವಾರ ಹೋಗಿ ನೋಡಿದರೆ, ಅತ್ತೆ ಕೆರೆ ಏರಿಯ ಮೇಲೆ ನಿಂತು ಪಕ್ಕದ ಮನೆಯ ಎಮ್ಮೆಯನ್ನು ಬೈಯುತ್ತಿದ್ದಾರೆ. "ಏಳ್ತೀಯೋ ಇಲ್ವೋ? ನಿಮ್ಮಪ್ಪನ್ ಹೊಲವಾ ಇದು?" ಎಮ್ಮೆ ಏಳಲಿಲ್ಲ. ಹೇಗೆ ಏಳುತ್ತದೆ? ಅದು ಬಂಡೆ! ನಮ್ಮ ತಾತ ಹುಟ್ಟುವ ಮೊದಲಿಂದಲೂ ಅಲ್ಲೇ ಕೂತಿದೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಅತ್ತೆ ಕೋಲೆತ್ತಿಕೊಂಡು ಅದನ್ನು ಎಬ್ಬಿಸಲು ಹೊರಟರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀರಿಗೇ. ಓಡಿಹೋಗಿ ಸೆರಗು ಹಿಡಿದೆ. ನಗು ಅಲ್ಲಿಗೇ ನಿಂತಿತು.

ಪೇಟೆಯಲ್ಲಿ, ರಾಜೀವನಗರದ ನನ್ನ ಮನೆಗೆ ಕರೆತಂದೆ. ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೋದೆವು.

"ಯಾವ ಕಣ್ಣು ಜಾಸ್ತಿ ಮಂಜು, ಅಜ್ಜಿ?" ಡಾಕ್ಟರಮ್ಮ ಕೇಳಿದರು.

"ಕೆರೆ ಕಡೇದು ಕಣ್ರವ್ವ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಅತ್ತೆ ಕೂತ ಕುರ್ಚಿಯನ್ನು ಪೂರ್ತಿ ಈಚೆಗೆ ತಿರುಗಿಸಿ ಮತ್ತೆ ಕೇಳಿದರು.

"ಗುಡ್ಡದ ಕಡೇದು."

"ಈಗ ತಾನೇ ಕೆರೆ ಕಡೇದು ಅಂದ್ರಿ?"

"ನೀವ್ ತಿರುಗ್ಸ್‌ಬುಟ್ರಲ್ಲ! ಕಣ್ಣು ನನ್ ಜೊತೆ ತಿರುಗ್ತದೆ, ಕೆರೆ ತಿರುಗ್ತದಾ?"

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಡಮಾಡಿದರೆ ಪೂರಾ ಕಾಣದೆ ಹೋಗಬಹುದು ಅಂದರು. ಮೊದಲು ಆಪರೇಷನ್ ಮಾಡುವ ಕಣ್ಣಿನ ಮೇಲೆ, ಹುಬ್ಬಿನ ಹತ್ತಿರ, ಪೆನ್ನಿನಲ್ಲಿ ಒಂದು ಗುರುತು ಹಾಕಿದರು. ಅತ್ತೆ ಅದನ್ನು ದೃಷ್ಟಿಬೊಟ್ಟು ಅಂದುಕೊಂಡು, "ಒಸಿ ದಪ್ಪಕ್ಕೇ ಇಡ್ರವ್ವ, ಊರೋರ್ ಕಣ್ಣು ಸರಿಯಿಲ್ಲ" ಅಂದರು! ನರ್ಸುಗಳೆಲ್ಲ ನಕ್ಕರು. ಒಳಗೆ ಕರೆದುಕೊಂಡು ಹೋಗುವಾಗ ಮಾತ್ರ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಮೆಲ್ಲಗೆ ಕೇಳಿದರು: "ಅಂಗಾದ್ರೆ ಇದು ಮಂಜಲ್ವಾ, ಅಮ್ಮಿ?"

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಕಿಟಕಿಯಾಚೆ ಚಾಮುಂಡಿ ಬೆಟ್ಟ ತಿಳಿಯಾಗಿ ನಿಂತಿತ್ತು. "ಅಲ್ಲಿ ನೋಡಿ ಅತ್ತೆ, ಬೆಟ್ಟ! ಕಾಣ್ತದಾ?" ಎಂದು ನಾನು ಸಡಗರದಿಂದ ಕೈ ತೋರಿಸಿದೆ. ಅತ್ತೆ ಅತ್ತ ತಿರುಗಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಾ ಕೈಯೆತ್ತಿ, ನನ್ನ ಕಿವಿಯ ಮೇಲಿನ ಕೂದಲನ್ನು ಸವರಿದರು.

"ಇದೇನ್ ಮಗಾ, ಬೆಳ್ಳಗಾಗ್ಬುಟ್ಟವೆ?"

"ಆಗ್ಲೇ ಬಾಳ ದಿನ ಆಯ್ತು ಅತ್ತೆ."

"ನಾನ್ ನೋಡ್ಲೇ ಇಲ್ವಲ್ಲೇ..." ಅಂದವರು, ಸವರುತ್ತಲೇ ಇದ್ದರು.