ಊಟಕ್ಕೆ ಬನ್ನಿ ಅಂತ ಮೊಬೈಲಲ್ಲಿ ಕರೆದದ್ದು

ಆಲಂಕಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮೊಬೈಲು ಹಿಡಿದು ಹೋಟೆಲಿನ ಪ್ರಚಾರಕ್ಕೆ ಹೊರಟ ಮೇಲೆ ನನಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಬೆಳಗ್ಗಿನ ತಿಂಡಿ ಹೇಗೋ ಖರ್ಚಾಗುತ್ತದೆ, ಮಧ್ಯಾಹ್ನದ ಊಟಕ್ಕೆ ಮಾತ್ರ ಜನವಿಲ್ಲ. "ಈ ತಿಂಗಳು ನೋಡುವಾ, ಆಗದಿದ್ರೆ ಊಟ ನಿಲ್ಲಿಸುವಾ" ಅಂತ ಹೆಂಡತಿ ಹೇಳಿಬಿಟ್ಟಳು. ಪುತ್ತೂರಿನ ಹೋಟೆಲಿನವರೆಲ್ಲ ವಿಡಿಯೋ ಹಾಕಿ ಜನ ಸೇರಿಸುವಾಗ ನಾನು ಸುಮ್ಮನೆ ಕೂರುವುದು ಹೇಗೆ?

ಹಿಂದಿನ ಮೇಜು

ಮೊದಲ ವಿಡಿಯೋ ಹಾಕಿದ ಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಷ್ಟು ಜನ ನೋಡಿದರು ಅಂತ ಮೊಬೈಲು ನೋಡುವುದು, ಎಷ್ಟು ಜನ ಬಂದರು ಅಂತ ರಸ್ತೆ ನೋಡುವುದು. ಈ ನಡುವೆ ಕಾವಲಿ ಮೇಲಿನ ದೋಸೆ ಕರಟಿಹೋಯಿತು. ಸಂಜೆ ದುಬೈಯಿಂದ ಯಾರದೋ ಫೋನು.

"ನಿಮ್ಮ ವಿಡಿಯೋ ನೋಡಿದೆ."

ನಾನು ಹಿಗ್ಗಿದೆ. "ಹೇಗುಂಟು?"

"ಹಿಂದಿನ ಮೇಜಲ್ಲಿ ಕೂತು ಹೋಳಿಗೆ ತಿನ್ನುದು ನನ್ನ ಅಪ್ಪ. ಅವರಿಗೆ ಶುಗರ್ ಉಂಟು. ಇನ್ನು ಕೊಡ್ಬೇಡಿ."

ಹೊಸ ಗಿರಾಕಿ ಬರಲಿಲ್ಲ. ದಿನಾ ಬರುತ್ತಿದ್ದವರಲ್ಲೂ ಒಬ್ಬರು ಕಡಿಮೆಯಾದರು.

ಹೆಂಡತಿಯ ಭಾಷಣ

ಅಡುಗೆ ಮಾಡುವವಳೇ ಮಾತಾಡಲಿ ಅಂತ ಮರುದಿನ ಹೆಂಡತಿಯನ್ನು ನಿಲ್ಲಿಸಿ ನೇರಪ್ರಸಾರವನ್ನೇ ಶುರುಮಾಡಿದೆ. "ಇವತ್ತು ಊಟಕ್ಕೆ ಎಂತೆಲ್ಲ ಉಂಟು, ಹೇಳು."

ಅವಳು ಸೆರಗು ಸರಿಮಾಡಿಕೊಂಡಳು. "ವಿಶೇಷ ಎಂತ ಇಲ್ಲ. ಒಂದು ಸಾರು, ಒಂದು ಪಲ್ಯ. ಉಪ್ಪು ಖಾರ ಸರಿ ಉಂಟೋ ಇಲ್ವೋ ಗೊತ್ತಿಲ್ಲ. ಹೇಗಾದ್ರೂ ಸುಧಾರಿಸಿಕೊಳ್ಳಿ."

"ಸ್ವಲ್ಪ ಹೊಗಳು ಮಾರಾಯ್ತಿ" ಅಂತ ಪಿಸುಗುಟ್ಟಿದೆ.

"ನಾವು ಬೇಯಿಸಿದ್ದನ್ನು ನಾವೇ ಹೊಗಳುದಾ? ನಾಚಿಕೆ ಆಗುದಿಲ್ವಾ ನಿಮಗೆ?"

ಅದೂ ಪ್ರಸಾರವಾಯಿತು. ಅವಳ ಮಾತು ನಂಬಿ ಆ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಸುಧಾರಿಸಿಕೊಂಡದ್ದು ನಾನೊಬ್ಬನೇ, ಎರಡು ಹೊತ್ತು ಅದೇ ಸಾರಿನಲ್ಲಿ.

ಕೈಮುಗಿದ ವಿಡಿಯೋ

ತಿಂಗಳು ಮುಗಿಯುತ್ತ ಬಂತು. ತಡೆಯಲಾರದೆ ಬಿಳಿ ಅಂಗಿ ಹಾಕಿ, ಎರಡೂ ಕೈ ಮುಗಿದು ನಾನೇ ಹೇಳಿದೆ: "ಆದಿತ್ಯವಾರ ಎಲ್ಲರೂ ಕುಟುಂಬ ಸಮೇತ ಊಟಕ್ಕೆ ಬರ್ಬೇಕು. ಬಾರದೆ ಇರ್ಬಾರ್ದು."

ಆದಿತ್ಯವಾರ ರಾಮಕುಂಜದಿಂದ ಒಂದು ಜೀಪು ಬಂತು. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು. ನನ್ನ ಸಂತೋಷ ಹೇಳತೀರದು. ಬಡಿಸಿದ್ದೇ ಬಡಿಸಿದ್ದು, ಪಾಯಸ ಒತ್ತಾಯ ಮಾಡಿ ಹಾಕಿದೆ. ಊಟ ಮುಗಿಸಿ ಅಜ್ಜ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು, ಚೀಲದಿಂದ ಒಂದು ದೊಡ್ಡ ಸೌತೆಕಾಯಿ ತೆಗೆದು ಮೇಜಿನ ಮೇಲಿಟ್ಟರು.

"ಬರಿಗೈಯಲ್ಲಿ ಹೋಗುದು ಹೇಗೆ ಅಂತ ತಂದೆ. ಈಗ ಇಷ್ಟು ಪ್ರೀತಿಯಲ್ಲಿ ಕರೆಯುವವರು ಯಾರುಂಟು ಮಾರಾಯ್ರೆ?"

ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಹಿಂದಿನಿಂದ ಅಂಗಿ ಎಳೆದಳು. "ಕೈಮುಗಿದು ಕರೆದು ಈಗ ದುಡ್ಡು ಕೇಳುದಾ? ಸುಮ್ಮನಿರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳುವುದೊಂದು ಬಾಕಿ. ಜೀಪು ಹತ್ತಲು ಹೋದ ಅಜ್ಜ ತಿರುಗಿ ನಿಂತರು.

"ಮುಂದಿನ ತಿಂಗಳು ಮೊಮ್ಮಗಳ ಮದುವೆ. ಅಡುಗೆ ನಿಮ್ಮದೇ. ನಾಳೆ ಮಗ ಮುಂಗಡ ತರ್ತಾನೆ."

ಊಟ ನಿಲ್ಲಿಸುವ ಮಾತು ಅಲ್ಲಿಗೆ ನಿಂತಿತು. ಹೆಂಡತಿಯ ಮುಖ ಅರಳಿತು.

"ಆದ್ರೆ ಒಂದು ವಿಷಯ" ಅಂದರು ಅಜ್ಜ. "ಬರುವಾಗ ಆ ಮೊಬೈಲು ಇಲ್ಲಿಯೇ ಇಟ್ಟು ಬನ್ನಿ. ನೀವು ಅಲ್ಲಿಂದಲೂ ಊರಿಗೆಲ್ಲ ಕೈಮುಗಿದ್ರೆ ನಮಗೆ ಊಟ ಹಾಕಿ ಪೂರೈಸ್ಲಿಕ್ಕಿಲ್ಲ."