ಒಂದು ಬಾಗಿಲಿಗೆ ಮೂರು ನಿಯಮಾವಳಿ

ನಾನು ಶಿಸ್ತಿನ ಮನುಷ್ಯ. ದಿನಚರಿ ಬರೆಯುತ್ತೇನೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ವಿಜಯನಗರದ ನಮ್ಮ ಬೀದಿಯಲ್ಲಿ ಕರೆಂಟು ಎಷ್ಟು ಸಲ ಹೋಯಿತು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಆದ್ದರಿಂದ ಪಾತ್ರ ಕಟ್ಟಿ ಆಡುವ ಆಟಗಳ ಗೀಳು ಹತ್ತಿದಾಗ, ಎಲ್ಲರ ಹಾಗೆ ಸುಮ್ಮನೆ ಆಡಲು ಕೂತುಬಿಡಲಿಲ್ಲ. ಮೊದಲು ಹೋಲಿಸಿ ನೋಡಬೇಡವೇ!

ಆಟ ಇಷ್ಟೇ. ನಾಲ್ಕು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ ಸನ್ನಿವೇಶ ಹೇಳುತ್ತಾನೆ. ಉಳಿದವರು ವೀರರೋ ಮಂತ್ರವಾದಿಗಳೋ ಆಗಿ "ನಾನು ಹೀಗೆ ಮಾಡ್ತೀನಿ" ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಇಷ್ಟು ಕೆಲಸಕ್ಕೆ ಲೆಕ್ಕವಿಲ್ಲದಷ್ಟು ನಿಯಮಾವಳಿಗಳಿವೆ. ನಾನು ಮೂರನ್ನು ತರಿಸಿದ್ದೆ. ಒಂದು ದಪ್ಪದ್ದು, ಮೂರು ಸಂಪುಟ, ರಾಗಿ ಹಿಟ್ಟಿನ ಚೀಲದ ತೂಕ. ಇನ್ನೊಂದು ಮಧ್ಯಮ ಗಾತ್ರದ ಪುಸ್ತಕ. ಮೂರನೆಯದು ಬರೀ ಒಂದು ಹಾಳೆ. ಜಟಿಲತೆಗೆ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟೆ: ಒಂಬತ್ತೂವರೆ, ಐದು, ಅರ್ಧ.

"ರೀ," ಎಂದಳು ಹೆಂಡತಿ ಸುಧಾ. "ಯುಗಾದಿಯಿಂದ ಹೋಲಿಸ್ತಾನೇ ಇದೀರ. ಒಂದು ಸಲನಾದ್ರೂ ಆಡಿದೀರಾ?"

"ಅಧ್ಯಯನ ಇನ್ನೂ ಪ್ರಾಥಮಿಕ ಹಂತದಲ್ಲಿದೆ."

"ಸರಿ. ಭಾನುವಾರ ಅಮ್ಮ ಬರ್ತಾರೆ. ನಮ್ಮಿಬ್ರಿಗೂ ಆಡ್ಸಿ. ಊಟದೊಳಗೆ ಒಂದು ಕಥೆ ಮುಗೀಬೇಕು. ಇಲ್ಲಾಂದ್ರೆ ಪುಸ್ತಕ ಎಲ್ಲಾ ಅಟ್ಟಕ್ಕೆ!"

ನಾನು ನಕ್ಕೆ. ಊಟದೊಳಗೆ ಒಂದೇನು, ಮೂರು ಮುಗಿಸುತ್ತೇನೆ!

ಹೋಲಿಕೆ ನ್ಯಾಯಯುತವಾಗಿರಲೆಂದು ಮೂರಕ್ಕೂ ಒಂದೇ ಕಥೆ ಇಟ್ಟೆ. ರಾಕ್ಷಸಿಯೊಬ್ಬಳು ರಾಜನ ಕಿರೀಟ ಕದ್ದು, ಮನೆ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದಾಳೆ. ಬಾಗಿಲು ದಾಟಬೇಕು, ಕಿರೀಟ ತರಬೇಕು.

ಭಾನುವಾರ ಬೆಳಿಗ್ಗೆ ಕೆಂಗೇರಿ ಉಪನಗರದಿಂದ ಅತ್ತೆ ಮೆಟ್ರೋದಲ್ಲಿ ಬಂದಿಳಿದರು. ದಪ್ಪದ್ದರಿಂದಲೇ ಶುರು ಮಾಡಿದೆ. ನಿಯಮದಂತೆ ಮೊದಲು ಪಾತ್ರ ಸಿದ್ಧವಾಗಬೇಕು. ದಾಳ ಹಾಕಿ ಅತ್ತೆಯ ತೋಳ್ಬಲ ಮೂರು ಎಂದು ಘೋಷಿಸಿದೆ.

"ಮೂರಾ? ಅಳಿಯಂದ್ರೇ, ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಒಬ್ಳೇ ಎತ್ತಿಡ್ತೀನಿ!"

"ಅದು ನೀವು, ಅತ್ತೆ. ಇದು ನಿಮ್ಮ ಪಾತ್ರ. ಈಗ ನಿಮ್ಮ ಚೀಲದಲ್ಲಿ ಏನೇನಿದೆ ಹೇಳಿ, ಭಾರ ಲೆಕ್ಕ ಹಾಕಬೇಕು."

ಅತ್ತೆ ನಿಜವಾದ ಬ್ಯಾಗು ತೆರೆದರು. ಮೆಟ್ರೋ ಕಾರ್ಡು, ಕರ್ಚೀಫು, ಮಜ್ಜಿಗೆ ಬಾಟಲಿ. ಮಜ್ಜಿಗೆಯ ಭಾರಕ್ಕೆ ಎರಡನೇ ಸಂಪುಟ, ಬೀಗದ ಗಟ್ಟಿತನಕ್ಕೆ ಮೂರನೆಯದು, ಬಾಗಿಲ ಬಳಿ ಕತ್ತಲಿದ್ದರೆ ಮತ್ತೆ ಮೊದಲನೆಯದು.

"ರೀ, ಕುಕ್ಕರ್ ಮೂರು ವಿಷಲ್ ಹಾಕ್ತು," ಎಂದಳು ಸುಧಾ. "ನಿಮ್ಮ ಬಾಗಿಲು ಕಿಟಕ್ ಅಂತನೂ ಅನ್ನಲಿಲ್ಲ."

ದಪ್ಪದ್ದನ್ನು ಗೌರವಪೂರ್ವಕವಾಗಿ ಮುಚ್ಚಿದೆ.

ಮಧ್ಯಮದ್ದರಲ್ಲಿ ಒಂದು ಹಿಡಿ ದಾಳ ಒಟ್ಟಿಗೆ ಎಸೆಯಬೇಕು. ಸುಧಾ ಎಸೆದಳು. ದಾಳಗಳು ನೆಲದ ಮೇಲೆಲ್ಲ ಪಟಪಟ ಕುಣಿದವು. ಒಂದು ಫ್ರಿಜ್ ಕೆಳಗೆ ನುಗ್ಗಿತು. ಪೊರಕೆ ಹಿಡಿಯಿಂದ ಎಳೆದೆ. ದಾಳ ಮಗುಚಿತು! ಫ್ರಿಜ್ ಕೆಳಗಿನ ಅಂಕಿ ಸಿಂಧುವೋ, ಪೊರಕೆ ತಾಗಿದ ಮೇಲಿನದೋ? ಪುಸ್ತಕದ ತುಂಬ ಹುಡುಕಿದೆ. ಮಹನೀಯ ಲೇಖಕರು ಫ್ರಿಜ್ಜನ್ನು ಪರಿಗಣಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಮ್ಮ ಮನೆಯದೇ. ಕೆಳಗಿನ ಮನೆಯ ಓನರ್ ಜಯಮ್ಮ ಆಂಟಿ.

"ಏನಪ್ಪಾ, ನಮ್ಮ ತಲೆ ಮೇಲೆ ಗೋಲಿ ಆಡ್ತಿದೀರಾ?"

ಸುಧಾ ವಿಷಯ ಹೇಳಿದಳು. ಆಂಟಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಅಡುಗೆಮನೆಯಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ನನಗೆ ಉಳಿದದ್ದು ಒಂದು ಹಾಳೆ. ಅದರಲ್ಲಿದ್ದದ್ದು ಇಷ್ಟು: ಏನು ಮಾಡುತ್ತೀರೆಂದು ಹೇಳಿ, ಕಷ್ಟವಾದದ್ದಾದರೆ ಮಾತ್ರ ದಾಳ ಹಾಕಿ.

"ಬಾಗಿಲು ತಟ್ಟೋದು," ಎಂದರು ಅತ್ತೆ.

ಮೂರು ಸಂಪುಟದಲ್ಲೂ ತಟ್ಟುವ ನಿಯಮ ನೋಡಿದ ನೆನಪಿರಲಿಲ್ಲ!

"ಅದಿರ್ಲಿ, ಅವಳು ಕಿರೀಟ ಯಾಕೆ ಕದ್ದಳು?"

"ಅವಳು ರಾಕ್ಷಸಿ, ಅತ್ತೆ."

"ಅದೊಂದು ಕಾರಣಾನಾ? ರಾಜನ ಮನೇಲಿ ಏನೋ ಶುಭಕಾರ್ಯ ಇದೆ, ಇವಳನ್ನ ಸರಿಯಾಗಿ ಕರೆದಿಲ್ಲ."

"ವಾಟ್ಸಾಪಲ್ಲಿ ಕಾರ್ಡ್ ಹಾಕಿ ಸುಮ್ಮನಾಗಿರ್ತಾರೆ," ಎಂದರು ಜಯಮ್ಮ ಆಂಟಿ, ಅನುಭವದ ದನಿಯಲ್ಲಿ.

"ಹಾಗಾದ್ರೆ ನಾವು ಕರೆಯೋಕೆ ಬಂದಿದೀವಿ," ಎಂದಳು ಸುಧಾ. "ಮಗಳ ಮದುವೆ, ತಪ್ಪದೆ ಬರ್ಬೇಕು!"

ನಾನು ಕರ್ಕಶ ದನಿಯಲ್ಲಿ ರಾಕ್ಷಸಿಯಾದೆ. "ಆಯಿತು! ಕರೆಯೋಲೆ ಕಿಟಕಿಯಿಂದಲೇ ಕೊಟ್ಟು ತೊಲಗಿ!"

ಮೂವರೂ ಹೌಹಾರಿದರು.

"ಕಿಟಕಿಯಿಂದಾನಾ?" ಅತ್ತೆ ಕೆನ್ನೆಗೆ ಕೈ ಹಚ್ಚಿದರು. "ಹೊಸಿಲಾಚೆ ನಿಂತೇ ಕುಂಕುಮ ಕೊಡೋ ಹಾಗಿಲ್ಲ, ಇನ್ನು ಕಿಟಕೀಲಾ? ಒಳಗೆ ಕರೀಲೇಬೇಕು. ಕೂರಿಸಲೇಬೇಕು. ದೊಡ್ಡವರ ಮನೆ ಮೊದಲು ಕರೀಬೇಕು. ಕಾಫಿ ಬೇಡ ಅನ್ನೋ ಹಾಗಿಲ್ಲ, ಒಂದು ಗುಟುಕಾದ್ರೂ ಕುಡೀಬೇಕು."

"ಇದ್ಯಾವುದೂ ನಿಯಮದಲ್ಲಿಲ್ಲ!" ಎಂದು ಹಾಳೆ ಎತ್ತಿ ತೋರಿಸಿದೆ.

"ನಿಯಮ ಅಲ್ದೆ ಇನ್ನೇನು ಅಳಿಯಂದ್ರೇ ಇದು?"

"ನೀನು ಬಿಡಪ್ಪಾ, ನಿಂಗೆ ರಾಕ್ಷಸಿ ಆಗೋಕೆ ಬರಲ್ಲ," ಎಂದು ಜಯಮ್ಮ ಆಂಟಿ ಪಾತ್ರ ಕಿತ್ತುಕೊಂಡರು. ಸೆರಗು ಸರಿಮಾಡಿಕೊಂಡು ಗಂಟಲು ಕೆರೆದರು. "ಬನ್ನಿ ಬನ್ನಿ, ಹೊರಗೆ ಯಾಕೆ ನಿಂತ್ರಿ? ಈಗ ನೆನಪಾಯ್ತಾ ನಮ್ಮ ಮನೆ?"

ಬಾಗಿಲು ತೆರೆಯಿತು. ಒಂದು ದಾಳವೂ ಉರುಳಲಿಲ್ಲ! ತಾಯಿ ಮಗಳು ಕಾಫಿ ಕುಡಿದು, ಅತ್ತು, ರಾಜನ ಹೆಂಡತಿಯನ್ನು ಚೆನ್ನಾಗಿ ಬೈದು, ಬರುವಾಗ ತಾಂಬೂಲದ ಜೊತೆಗೇ ಕಿರೀಟವನ್ನೂ ಈಸಿಕೊಂಡು ಬಂದರು. ಸುಧಾ ಊಟಕ್ಕೆ ಎಲೆ ಹಾಕಲು ಎದ್ದಳು. ಕಥೆ ಮುಗಿದಿತ್ತು.

ತೆಳ್ಳನೆಯ ಹಾಳೆಯ ಜಟಿಲತೆಗೆ ಕೊಟ್ಟಿದ್ದ ಅರ್ಧ ಅಂಕವನ್ನು ಹೊಡೆದುಹಾಕಿ ಹತ್ತು ಎಂದು ಬರೆದೆ. ಆಮೇಲೆ ಹತ್ತೂ ಸಾಲದೆನಿಸಿತು.

ಹೀಗೆ ಪುಸ್ತಕಗಳು ಅಟ್ಟದಿಂದ ಪಾರಾದವು. ದಪ್ಪದ್ದು ಮಹಡಿ ಮೇಲೆ ಆಂಟಿಯ ಸಂಡಿಗೆ ಬಟ್ಟೆ ಹಾರದಂತೆ ಮೂಲೆಗೊಂದರಂತೆ ಕೂತಿದೆ. ನಾಲ್ಕನೇ ಸಂಪುಟ ಯಾವಾಗ ಬರುತ್ತದೆಂದು ಅವರು ನನ್ನನ್ನೇ ಕೇಳುತ್ತಾರೆ.

ಆಟ ಮಾತ್ರ ಪ್ರತಿ ಭಾನುವಾರ ನಡೆಯುತ್ತದೆ. ಅತ್ತೆ ಈಗ ಸೂತ್ರಧಾರರು. ನನಗೂ ಒಂದು ಪಾತ್ರ ಕೊಡಿ ಎಂದು ಗೋಗರೆದೆ.

"ನಿಮಗೆ ರೂಲ್ಸ್ ಬರಲ್ವಲ್ಲ ರೀ," ಎಂದಳು ಸುಧಾ. ಕೊನೆಗೆ ಅತ್ತೆಯೇ ಮರುಗಿ ಒಂದು ಸುಲಭದ ಪಾತ್ರ ಕೊಟ್ಟರು.

ಈ ವಾರದ ದಿನಚರಿ: ಭಾನುವಾರ. ನಾನು ಬಾಗಿಲು. ಎರಡು ಸಲ ತಟ್ಟಿದರು. ಎರಡು ಸಲವೂ ತೆರೆದುಕೊಂಡೆ.