ಬಿಸಿಲು ಅಳೆದು ಕಟ್ಟಿಸಿದ ಮನೆ

ನಮ್ಮ ಸೋದರತ್ತೆ ಒಂದಿಡೀ ವರ್ಷ ಸೂರ್ಯನ ಮೇಲೆ ಗೂಢಚಾರಿಕೆ ಮಾಡಿದವರು. ಸುಳ್ಳಲ್ಲ! ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ಯಾರ ಮನೆಯ ಮೇಲಿಂದ ಇಣುಕುತ್ತಾನೆ, ಮಧ್ಯಾಹ್ನ ಎಲ್ಲಿ ಠಿಕಾಣಿ ಹೂಡುತ್ತಾನೆ, ಸಂಜೆ ಯಾವ ಕಾಂಪೌಂಡು ಹಾರಿ ಪರಾರಿಯಾಗುತ್ತಾನೆ ಎಂಬುದೆಲ್ಲ ಅವರ ನೋಟ್‌ಬುಕ್ಕಿನಲ್ಲಿತ್ತು. ಪೊಲೀಸರು ಕೂಡ ಯಾವ ಕಳ್ಳನ ಮೇಲೂ ಇಷ್ಟು ನಿಗಾ ಇಟ್ಟಿರಲಿಕ್ಕಿಲ್ಲ.

ಅತ್ತೆಯದು ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾರುವ ಅಂಗಡಿ. ಕುರುಬರಹಳ್ಳಿಯಲ್ಲಿ ಶೀಟಿನ ಸೂರಿನ ಬಾಡಿಗೆ ಮನೆ, ಅದರ ಮುಂದಿನ ಕೋಣೆಯೇ ಅಂಗಡಿ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಕ್ಕೆ ಬಸವೇಶ್ವರನಗರದ ಅಂಚಿನಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೈಗೆ ಬಂತು. ಪಶ್ಚಿಮಕ್ಕೆ ಮುಖ. ಮುಂದೆ ಅಂಗಡಿ, ಹಿಂದೆ ಮನೆ ಎಂದು ತೀರ್ಮಾನವಾಯಿತು. ವಾಸ್ತು ಹೇಳುವವರನ್ನು ಕರೆಸಿ ಎಂದು ನೆಂಟರೆಲ್ಲ ಸಲಹೆ ಕೊಟ್ಟರು. ಅತ್ತೆ ಯಾರನ್ನೂ ಕರೆಸಲಿಲ್ಲ. ಸ್ಟೂಲು, ಕೊಡೆ, ಒಂದು ಕಟ್ಟು ಗೂಟ ತೆಗೆದುಕೊಂಡು ಹೋಗಿ ಖಾಲಿ ಸೈಟಿನಲ್ಲಿ ಕುಳಿತರು. ಪಕ್ಕದ ಮನೆಯ ನೆರಳು ಸರಿದಲ್ಲೆಲ್ಲ ಒಂದೊಂದು ಗೂಟ ಹೊಡೆದರು.

ದಾರಿಹೋಕರು ಸುಮ್ಮನಿರುತ್ತಾರೆಯೆ?

"ಏನ್ ಆಂಟಿ, ಸೈಟು ಮಾರೋದಾ?"

"ಇಲ್ಲಪ್ಪ, ನೆರಳು ಕಾಯ್ತಾ ಇದೀನಿ."

ಕೇಳಿದವನು ಸೈಕಲ್ಲು ಹತ್ತಿದ ವೇಗ ನೋಡಬೇಕಿತ್ತು!

ಆಮೇಲೆ ಗಾಳಿಯ ಸರದಿ. ಹೊಗೆ ಯಾವ ಕಡೆ ವಾಲುತ್ತದೆಂದು ತಿಳಿಯಲು ಸೈಟಿನ ನಾಲ್ಕು ಮೂಲೆಯಲ್ಲೂ ನಡುವೆ ಬಿದ್ದಿದ್ದ ಒಂದು ಕಲ್ಲಿನ ಮೇಲೂ ಊದಿನಕಡ್ಡಿ ಹಚ್ಚಿಟ್ಟರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂರನೆಯ ದಿನ ಯಾರೋ ಕಲ್ಲಿಗೆ ಕುಂಕುಮ ಹಚ್ಚಿದ್ದರು. ವಾರ ಕಳೆಯುವುದರೊಳಗೆ ಎರಡು ಬಾಳೆಹಣ್ಣು, ಒಂದು ಮೊಳ ಸೇವಂತಿಗೆ! ಬೀದಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ನಮ್ಮ ಮಾವನಿಗೆ, ಅಂದರೆ ಅತ್ತೆಯ ಯಜಮಾನರಿಗೆ, ಗಾಬರಿಯಾಯಿತು.

"ಲೇ, ಆಮೇಲೆ ದೇವಸ್ಥಾನದ ಜಾಗ ಅಂತ ನಮ್ಮನ್ನೇ ಎಬ್ಬಿಸ್ಬಿಟ್ರೆ?"

"ಬಿಡಿ ಅಂದ್ರೆ. ಹೋದ್ವಾರದ ತನಕ ಎಲ್ರೂ ಇಲ್ಲೇ ಕಸ ಸುರೀತಿದ್ರು. ಈಗ ನೋಡಿ, ಎಷ್ಟು ಕ್ಲೀನಾಗಿದೆ!"

ಇಷ್ಟಾದ ಮೇಲೆ ಎಂಜಿನಿಯರ್ ಬಂದ. ಆಗತಾನೆ ಓದು ಮುಗಿಸಿದ್ದ ಹುಡುಗ. ಅಂಗಡಿಯ ಮುಂಭಾಗಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕಿ ನಕ್ಷೆ ಬರೆದು ತಂದಿದ್ದ.

"ಗ್ಲಾಸ್ ಹಾಕಿದ್ರೆ ಒಳ್ಳೆ ಲುಕ್ ಬರುತ್ತೆ ಮೇಡಂ."

ಅತ್ತೆ ವಾದ ಮಾಡಲಿಲ್ಲ. ಸಂಜೆ ನಾಲ್ಕಕ್ಕೆ ಅವನನ್ನು ಸೈಟಿಗೆ ಕರೆದುಕೊಂಡು ಹೋಗಿ, ಗಾಜು ಬರುವ ಜಾಗದಲ್ಲೇ ಒಂದು ಕಬ್ಬಿಣದ ಕುರ್ಚಿ ಹಾಕಿ ಕೂರಿಸಿದರು. "ಕಾಫಿ ತರ್ತೀನಿ, ಏಳ್ಬೇಡಿ" ಎಂದು ಹೋದವರು ಮುಕ್ಕಾಲು ಗಂಟೆ ಬಿಟ್ಟು ಬಂದರು. ಮಾರ್ಚ್ ತಿಂಗಳ ಪಶ್ಚಿಮದ ಬಿಸಿಲು! ಹುಡುಗ ಬೇಯಿಸಿದ ಬೀಟ್‌ರೂಟಿನಂತಾಗಿದ್ದ.

"ಗ್ಲಾಸ್ ಬೇಡ ಮೇಡಂ" ಎಂದ.

"ನಾನೇನೂ ಹೇಳ್ಲಿಲ್ಲಪ್ಪ" ಎಂದರು ಅತ್ತೆ.

ಅಲ್ಲಿಂದ ಇಬ್ಬರೂ ಒಂದಾದರು. ಅಂಗಡಿಯ ಗೋಡೆಯನ್ನು ದಪ್ಪ ಮಾಡಿ, ಹಿಂದಿನ ಮನೆಗೆ ಅದನ್ನೇ ಗುರಾಣಿಯಾಗಿ ನಿಲ್ಲಿಸಿದರು. ಸುಟ್ಟ ಇಟ್ಟಿಗೆಯ ಬದಲು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಬಂತು. ಬಾಗಿಲಿನ ಮೇಲೆ ಅಗಲವಾದ ಸಜ್ಜಾ, ಮುಂದೆ ಒಂದು ಹೊಂಗೆ ಸಸಿ. ಮೆಣಸಿನಕಾಯಿ ಕುಟ್ಟಿದ ಘಾಟು ಮನೆಯೊಳಗೆ ನುಗ್ಗಬಾರದಲ್ಲ? ಅದಕ್ಕಾಗಿ ಅಂಗಡಿಗೂ ಮನೆಗೂ ನಡುವೆ ಸೂರಿಲ್ಲದ ಒಂದು ತೊಟ್ಟಿ. ಘಾಟೂ ಬಿಸಿಗಾಳಿಯೂ ಅಲ್ಲಿಂದ ಮೇಲಕ್ಕೆ ಹೋಗಿಬಿಡುತ್ತವೆ. ನೆಂಟರು ಹೊಟ್ಟೆ ಉರಿದುಕೊಂಡರು. ಅಷ್ಟು ಜಾಗದಲ್ಲಿ ಇನ್ನೊಂದು ಬೆಡ್‌ರೂಮು ಬರುತ್ತಿತ್ತಂತೆ. ಮಾವ ಮಾತ್ರ ಬಂದವರಿಗೆಲ್ಲ ಗಂಭೀರವಾಗಿ ತೋರಿಸುತ್ತಿದ್ದರು: "ಇದು ಹಾಲು, ಇದು ಅಡುಗೆಮನೆ, ಇದು ಆಕಾಶದ ರೂಮು."

ಗೃಹಪ್ರವೇಶದ ದಿನ ಗಿಲಾವು ಮಾಡದ ಗೋಡೆ ಸವರಿ ನೋಡಿ, "ಪಾಪ, ದುಡ್ಡು ಸಾಲಲಿಲ್ಲ ಅನ್ಸುತ್ತೆ" ಎಂದು ಪಿಸುಗುಟ್ಟಿದವರೇ ಹೆಚ್ಚು. ಅವರೇ ಊಟವಾದ ಮೇಲೆ ಚಾಪೆ ಕೇಳಿ, ಆ ಗೋಡೆಗೇ ಬೆನ್ನು ಕೊಟ್ಟು ಐದು ಗಂಟೆಯ ತನಕ ಗೊರಕೆ ಹೊಡೆದರು ಎಂಬುದನ್ನೂ ಹೇಳಬೇಕು.

ಅತ್ತೆ ಎಡವಿದ್ದು ಮಳೆಯಲ್ಲಿ. ಜೂನ್‌ನಲ್ಲಿ ಗಾಳಿಯೊಡನೆ ಬಂದ ಮೊದಲ ಮಳೆ ತೊಟ್ಟಿಯೊಳಗೆ ಅಡ್ಡಡ್ಡ ಹೊಡೆದು ಒಂದು ಮೂಟೆ ಉದ್ದಿನಬೇಳೆ ನೆನೆಸಿತು. ಅಂಗಡಿಯಲ್ಲಿ ಸಿಕ್ಕಿಬಿದ್ದ ಮಾವನನ್ನು ಊಟಕ್ಕೆ ಕೂಗಿದರೆ, ಅವರು ಅಲ್ಲಿಂದಲೇ, "ಮಳೆ ನಿಂತ್ಮೇಲೆ ಮನೆಗೆ ಬರ್ತೀನಿ!" ಎಂದರು. ಅತ್ತೆ ನಕ್ಕು ನಕ್ಕು ಸುಸ್ತಾಗಿ, "ಬಿಸಿಲು ಅಳೆದೆ, ಗಾಳಿ ಅಳೆದೆ, ಮಳೇನ ಮರ್ತೇಬಿಟ್ಟೆ ನೋಡಿ" ಎಂದು ಒಪ್ಪಿಕೊಂಡರು. ನೆನೆದ ಬೇಳೆಯನ್ನು ರುಬ್ಬಿ ಬೀದಿಗೆಲ್ಲ ವಡೆ ಹಂಚಿದರು. ಮುಂದಿನ ವಾರ ತೊಟ್ಟಿಯ ಸುತ್ತ ಹೆಂಚಿನ ಇಳಿಜಾರು ಬಂತು.

ಇದೆಲ್ಲ ಹುಚ್ಚಾಟವೆಂದೇ ನಾನು ನಂಬಿದ್ದೆ, ಸ್ನೇಹಿತರಿಗೆ ಹೇಳಿ ನಗಿಸುತ್ತಿದ್ದೆ ಕೂಡ. ಮರುವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಉಪ್ಪಿನಕಾಯಿ ಒಯ್ಯಲೆಂದು ಹೋದೆ. ಬೀದಿಯಲ್ಲಿ ಕರೆಂಟಿರಲಿಲ್ಲ. ಅಂಗಡಿಯ ಷಟರ್ ಅರ್ಧ ಇಳಿದಿತ್ತು. "ಅತ್ತೇ" ಎಂದು ಕೂಗಿದ್ದೇ ತಡ, ಅವರು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದರು. ಒಳಗೆ ನಡುಮನೆಯ ನೆಲದ ಮೇಲೆ ಮೂವರು ಮುದುಕಿಯರು ಸಾಲಾಗಿ ಮಲಗಿದ್ದರು. ಒಬ್ಬರನ್ನೂ ನಾನು ಕಂಡಿರಲಿಲ್ಲ.

"ಯಾರತ್ತೆ ಇವ್ರೆಲ್ಲ?"

"ಹಿಂದಿನ್ ಬೀದಿಯವ್ರು ಕಣೋ. ಶೀಟ್ ಮನೆಗಳು. ಈ ಹೊತ್ನಲ್ಲಿ ಒಳಗೆ ಇರಕ್ಕಾಗಲ್ಲ. ಬಂದು ಮಲಗ್ರಮ್ಮ ಅಂದಿದೀನಿ."

ತೊಟ್ಟಿಯ ಅಂಚಿನಲ್ಲಿ ಕುಳಿತೆವು. ಅತ್ತೆ ಮೆಲ್ಲಗೆ ಹೇಳಿದರು:

"ಕುರುಬರಹಳ್ಳೀಲಿ ನಮ್ಮತ್ತೆ ಕೊನೇ ಬೇಸಿಗೇಲಿ ಹಾಸಿಗೆ ಹಿಡಿದಿದ್ರಲ್ಲ. ಮಧ್ಯಾಹ್ನ ಆದ್ರೆ ಸಾಕು, 'ಸೆಕೆ ಕಣೇ, ಬಾಗಿಲು ತೆಗಿಯೇ' ಅನ್ನೋರು. ಬಾಗಿಲು ತೆಗೆದೇ ಇರೋದು. ನಾನು ಎದ್ದೋಗಿ ಚಿಲಕ ಸದ್ದು ಮಾಡಿ, 'ತೆಗ್ದೆ ಅತ್ತೆ' ಅಂತಿದ್ದೆ. 'ಹಾಂ, ಈಗ ಗಾಳಿ ಬಂತು ನೋಡು' ಅನ್ನೋರು. ಎಲ್ಲಿಂದ ಬರ್ಬೇಕು ಗಾಳಿ? ದಿನಾ ಹೀಗೇ. ಒಂದಿನ ಚಿಲಕ ಸದ್ದು ಮಾಡಿ ಬಂದೆ, ಅವ್ರು ಮಾತಾಡ್ಲಿಲ್ಲ."

ಒಳಗೆ ಒಬ್ಬ ಅಜ್ಜಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿದರು.

ಅಷ್ಟರಲ್ಲಿ ಹೊರಗೆ ಯಾರೋ ಷಟರ್ ಬಡಿದು, "ಆಂಟಿ, ಅಕ್ಕಿ ಹಪ್ಪಳ ಇದೆಯಾ?" ಎಂದು ಗಟ್ಟಿಯಾಗಿ ಕೇಳಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಬರಿಗಾಲಿನಲ್ಲಿ ಸದ್ದಾಗದಂತೆ ನಡೆದುಹೋಗಿ, ಷಟರಿನಡಿ ಬಗ್ಗಿ, ಪಿಸುದನಿಯಲ್ಲಿ ಹೇಳಿದರು:

"ಮೆಲ್ಲಗೆ ಮಾತಾಡಿ. ನಾಲ್ಕು ಗಂಟೆಗೆ ಬನ್ನಿ, ಕೊಡ್ತೀನಿ. ನಮ್ಮತ್ತೆ ಮಲಗಿದಾರೆ."